ಹಠಾತ್ ಮರಣ: ಪಂಚನಾಮೆಯ ಮಾತನ್ನು ನಂಬಬಹುದೇ?

ಕಳೆದ ಶ್ರಾವಣ ಮಾಸದಲ್ಲಿ ಪ್ರವಚನದ ನಿಮಿತ್ತ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾವು ಸಂಚರಿಸಬೇಕಾಯಿತು. ಪ್ರವಚನ ಮುಗಿದು ಪ್ರಸಾದ ಸ್ವೀಕರಿಸಿ ಕುಳಿತಾಗ ಸದ್ಭಕ್ತರು ತಮ್ಮ ಮನೆಯ ಸುಖದುಃಖಗಳನ್ನು ತೋಡಿಕೊಳ್ಳುವುದು ವಾಡಿಕೆ. ಮಳೆಯ ಮಾತು, ಗೋವಿನಜೋಳದ ಧಾರಣೆಯ ಮಾತು, ಮಗಳಿಗೆ ವರ ನೋಡುವ ಮಾತು ಎಂದಿನಂತೆ ಇದ್ದವು. ಆದರೆ ಈ ಸಲ ಒಂದು ಪ್ರಶ್ನೆ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಬಾಯಿಗಳಿಂದ ಮತ್ತೆ ಮತ್ತೆ ಬಂದುದರಿಂದ ಅದನ್ನು ಕುರಿತು ಬರೆಯಲೇಬೇಕೆನಿಸಿತು.

ಹಿರೇಕೆರೂರು ತಾಲ್ಲೂಕಿನ ಒಂದು ಮನೆಯಲ್ಲಿ ಐವತ್ತು ದಾಟಿದ ತಾಯಿಯೊಬ್ಬರು ಪೆಟ್ಟಿಗೆಯ ತಳದಿಂದ ನಾಲ್ಕಾರು ಕಾಗದಗಳನ್ನು ತೆಗೆದು ನಮ್ಮ ಮುಂದಿಟ್ಟರು. ಅವರ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮೇಲಿನ ಕಾಗದದಲ್ಲಿ 'ಹೊಟ್ಟೆನೋವು ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು' ಎಂಬ ಒಕ್ಕಣೆಯಿತ್ತು. 'ಶಾಸ್ತ್ರಿಗಳ, ಅವರಿಗೆ ಒಂದು ದಿವಸ ಹೊಟ್ಟೆನೋವು ಬಂದದ್ದು ನಾ ಕಾಣೆ. ಸೊಸೈಟಿ ಸಾಲ ಇತ್ತು, ಊರಾಗಿನ ಕೈಸಾಲ ಇತ್ತು. ಇದರಾಗ ಬರದದ್ದನ್ನ ಸರಕಾರ ನಂಬತೈತಿ, ನಾ ಹೇಳೂದನ್ನ ನಂಬವಲ್ದು' ಎಂದರು. ಹೊಟ್ಟೆನೋವೆಂದು ಬರೆಸಿದವರಾರು ಎಂದು ಕೇಳಿದೆವು. ಪಕ್ಕದಲ್ಲಿ ಕುಳಿತಿದ್ದ ಮೈದುನ ತಲೆ ತಗ್ಗಿಸಿದರು. ಆ ವರ್ಷ ಮನೆಯಲ್ಲಿ ಹುಡುಗಿಯ ಮದುವೆ ಗೊತ್ತಾಗಿತ್ತು. ಸಾಲದ ಮಾತು ಬೀಗರ ಕಿವಿಗೆ ಬೀಳಬಾರದೆಂದು ಅವರೇ ಫೌಜದಾರರ ಮುಂದೆ ಹಾಗೆ ಹೇಳಿದ್ದರು.

ಓದುಗರು ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ನಮ್ಮ ವಿನಂತಿ.

ಇಂಗ್ಲಿಷ್ ಪುಸ್ತಕಗಳನ್ನು ಓದುವ ನಮ್ಮ ಮಕ್ಕಳಿಗೆ 'ಕೊರೊನರ್' ಎಂಬ ಅಧಿಕಾರಿ ಗೊತ್ತು. ಹಠಾತ್ತಾಗಿ, ಅನುಮಾನಾಸ್ಪದವಾಗಿ ಯಾರಾದರೂ ಸತ್ತರೆ ಸಾವಿನ ಕಾರಣವನ್ನು ವಿಚಾರಿಸಿ ನಿರ್ಣಯ ಹೇಳುವವನು ಅವನು. ಇಂಗ್ಲೆಂಡಿನಲ್ಲಿ 1194ರಿಂದ ಈ ಹುದ್ದೆಯಿದೆ. ಭಾರತದಲ್ಲಿ 1871ರ ಕಾಯಿದೆಯ ಪ್ರಕಾರ ಮುಂಬಯಿ, ಕಲಕತ್ತೆಗಳಂಥ ಮಹಾನಗರಗಳಲ್ಲಿ ಮಾತ್ರ ಇದ್ದಿತು. ಮುಂಬಯಿಯಲ್ಲಿಯೂ 1999ರಲ್ಲಿ ರದ್ದಾಯಿತು. ನಮ್ಮ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದರೂ, ಸವಣೂರು 1948ರ ವರೆಗೆ ನವಾಬರ ಸಂಸ್ಥಾನವಾಗಿದ್ದರೂ, ಕೊರೊನರನನ್ನು ಈ ಭಾಗ ಎಂದೂ ಕಂಡದ್ದಿಲ್ಲ. 1867ರ ಗ್ರಾಮ ಪೊಲೀಸ್ ಕಾಯಿದೆಯಂತೆ ಇಲ್ಲಿ ಆ ಕೆಲಸ ಊರಿನ ಪೊಲೀಸ್ ಪಾಟೀಲನದಾಗಿತ್ತು. ಊರಲ್ಲಿ ಅಸ್ವಾಭಾವಿಕ ಸಾವಾದರೆ ನಾಲ್ಕು ಜನ ತಿಳಿವಳಿಕೆಯುಳ್ಳವರನ್ನು ಕೂಡಿಸಿ, ಹೆಣವನ್ನು ನೋಡಿ, ಕಾರಣವನ್ನು ವಿಚಾರಿಸಿ ಮೇಲಕ್ಕೆ ವರದಿ ಕಳಿಸುವುದು ಅವನ ಹೊಣೆ. ಇಂದು ಹೆಸರಿನ ಕೊನೆಗೆ ಪಾಟೀಲ ಎಂದು ಬರೆದುಕೊಳ್ಳುವ ನಮ್ಮ ಎಷ್ಟೋ ಮನೆತನಗಳ ಹಿರಿಯರು ಈ ಕಾರ್ಯ ಮಾಡಿದವರು. ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದ ಮೇಲೆ ಪಾಟೀಲಕಿ ಹೋಯಿತು. ಹೆಸರು ಮಾತ್ರ ಉಳಿಯಿತು.

ಈಗಿನ ಪದ್ಧತಿಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಸುದ್ದಿ ಬಂದ ಕೂಡಲೇ ಠಾಣಾಧಿಕಾರಿ 'ಅಸ್ವಾಭಾವಿಕ ಮರಣ' ಎಂದು ದಾಖಲಿಸಿಕೊಳ್ಳುತ್ತಾನೆ. ಸ್ಥಳಕ್ಕೆ ಬಂದು ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮಕ್ಷಮ ಶವದ ಮೇಲಿನ ಗಾಯ, ಬಾವು, ಗುರುತುಗಳನ್ನು ಬರೆದು, ಮೇಲ್ನೋಟಕ್ಕೆ ತೋರುವ ಕಾರಣವನ್ನು ನಮೂದಿಸಿ, ಎಲ್ಲರ ಸಹಿ ಪಡೆಯುತ್ತಾನೆ. ಅನುಮಾನವಿದ್ದರೆ ಶವವನ್ನು ವೈದ್ಯರಲ್ಲಿಗೆ ಕಳಿಸುತ್ತಾನೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಾಗಿದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳೊಬ್ಬಳು ಅನುಮಾನಾಸ್ಪದವಾಗಿ ತೀರಿಕೊಂಡರೆ ಫೌಜದಾರರ ಪಂಚನಾಮೆ ಸಾಲದು. ಕಾರ್ಯನಿರ್ವಾಹಕ ದಂಡಾಧಿಕಾರಿಯೇ, ಅಂದರೆ ಸಾಮಾನ್ಯವಾಗಿ ತಹಶೀಲ್ದಾರರೇ, ಬಂದು ನೋಡುತ್ತಾರೆ.

ಹೀಗೆ ಬರೆದ ಕಾಗದ ತೀರ್ಪಲ್ಲ. ಸಾವಿನ ತೋರಿಕೆಯ ಕಾರಣವನ್ನು ಗುರುತಿಸುವುದಷ್ಟೇ ಪಂಚನಾಮೆಯ ವ್ಯಾಪ್ತಿ; ಯಾರು ಮಾಡಿದರು, ಹೇಗೆ ಮಾಡಿದರು ಎಂಬ ವಿವರ ಅದರಲ್ಲಿರಬೇಕೆಂದಿಲ್ಲ ಎಂದು 1975ರಷ್ಟು ಹಿಂದೆಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಕಾನೂನು ಇದನ್ನು ಮೊದಲ ಮಾತೆಂದು ಎಣಿಸಿದರೆ ನಮ್ಮ ಹಳ್ಳಿಗಳಲ್ಲಿ ಇದೇ ಕೊನೆಯ ಮಾತಾಗುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ.

ಶಿಗ್ಗಾಂವಿಯ ಕಡೆ ನಿವೃತ್ತ ಹವಾಲ್ದಾರರೊಬ್ಬರು ಪ್ರತಿದಿನ ಪ್ರವಚನಕ್ಕೆ ಬರುತ್ತಿದ್ದರು. ಮೂವತ್ತು ವರ್ಷ ಪಂಚನಾಮೆಗಳನ್ನು ಬರೆದ ಕೈ. ಈ 'ಹೊಟ್ಟೆನೋವಿನ' ಗುಟ್ಟೇನೆಂದು ಅವರನ್ನೇ ಕೇಳಿದೆವು. ಅವರು ನಕ್ಕು, 'ಬುದ್ಧಿ, ಹೊಟ್ಟೆ ಕೊಯ್ದು ನೋಡೂದು ಡಾಕ್ಟರ ಕೆಲಸ. ನಾವು ಬರಿಯೂದು ಮನಿಯವರು ಹೇಳಿದ್ದು. ಹೊಟ್ಟೆನೋವು ಅಂದ್ರ ಯಾರ ಮ್ಯಾಲೂ ಬರೂದಿಲ್ಲ. ಮನಿಯವರಿಗೂ ಸಮಾಧಾನ, ಊರಿಗೂ ಸಮಾಧಾನ, ಠಾಣೆಗೂ ಸಮಾಧಾನ' ಎಂದರು. ಯಾರ ಮೇಲೂ ಬಾರದ ಕಾರಣ! ದಿನಪತ್ರಿಕೆಗಳ ಒಳಪುಟಗಳಲ್ಲಿ ಈ ಒಕ್ಕಣೆಯನ್ನು ನಾವು ಎಷ್ಟು ಸಾವಿರ ಸಲ ಓದಿದ್ದೇವೆಯೋ ಲೆಕ್ಕವಿಲ್ಲ. ನಿಜವಾಗಿ ಹೊಟ್ಟೆನೋವೇ ಇದ್ದ ಪ್ರಸಂಗಗಳೂ ಉಂಟು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿದರೆ ನೋವಾಗದು, ಹಲ್ಲಿನ ಗುರುತೂ ಸರಿಯಾಗಿ ಕಾಣದು. ಬೆಳಗಿನ ಜಾವ ಹೊಟ್ಟೆ ನುಲಿಯುತ್ತದೆ, ರೆಪ್ಪೆ ಜೋಲುತ್ತದೆ, ಉಸಿರು ನಿಲ್ಲುತ್ತದೆ. ಅಂಥವನ ಕಾಗದದಲ್ಲಿಯೂ ಹೊಟ್ಟೆನೋವೆಂದೇ ಬರೆದಿದ್ದರೆ ಆಶ್ಚರ್ಯವಿಲ್ಲ.

ಹಾವಿನ ಮಾತು ಬಂದುದರಿಂದ ಹಾನಗಲ್ಲ ತಾಲ್ಲೂಕಿನ ಒಂದು ಮನೆಯ ಸಂಗತಿಯನ್ನೂ ಹೇಳಬೇಕು. ಭತ್ತದ ಗದ್ದೆಗೆ ನೀರು ಕಟ್ಟಲು ಹೋದ ಮಗ ಬದುವಿನ ಮೇಲೆ ಸತ್ತು ಬಿದ್ದಿದ್ದ. ಹಾವೇ ಕಡಿದಿದೆಯೆಂದು ಎಲ್ಲರಿಗೂ ಗೊತ್ತು. ಹೆಣ ಕೊಯ್ಯಿಸುವುದು ಬೇಡವೆಂದು ಹಿರಿಯರು ಪಟ್ಟು ಹಿಡಿದು ಠಾಣೆಗೂ ತಿಳಿಸದೆ ಸಂಜೆಯೊಳಗೆ ಮಣ್ಣು ಕೊಟ್ಟರು. ಹಾವು ಕಡಿದು ಸತ್ತ ರೈತನ ಕುಟುಂಬಕ್ಕೆ ಸರ್ಕಾರದ ಪರಿಹಾರವುಂಟೆಂದು ತಿಂಗಳ ಮೇಲೆ ತಿಳಿಯಿತು. ಕಚೇರಿಯಲ್ಲಿ ಕೇಳಿದ್ದು ಶವಪರೀಕ್ಷೆಯ ವರದಿ. ಅದು ಎಲ್ಲಿಂದ ಬರಬೇಕು? ಇಂಥ ಮನೆಗಳು ಒಂದೆರಡಲ್ಲ. ದೇಶದಾದ್ಯಂತ ಮನೆಮನೆಗೆ ಹೋಗಿ ಸಾವಿನ ಕಾರಣವನ್ನು ವಿಚಾರಿಸಿದ ದೊಡ್ಡ ಅಧ್ಯಯನವೊಂದರ ಆಧಾರದ ಮೇಲೆ, 2000ದಿಂದ 2019ರ ವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಅಂದಾಜಿಸಲಾಯಿತು. ಆಸ್ಪತ್ರೆಗಳ ಲೆಕ್ಕದಲ್ಲಿ ಇದ್ದುದು ಇದರ ಅತ್ಯಲ್ಪ ಭಾಗ. ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆಜ್ಞೆ ಮಾಡಿದ್ದು 2024ರಲ್ಲಿ. ಇನ್ನು ಒಟ್ಟು ಸಾವುಗಳ ಮಾತು ಕೇಳಿದರೆ, 2020ರಲ್ಲಿ ದೇಶದಲ್ಲಿ ನೋಂದಾಯಿತವಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇಕಡಾ 22.5 ಮಾತ್ರ. ಉಳಿದವರು ಏಕೆ ಸತ್ತರೆಂಬುದು ಊರವರ ಬಾಯಿಮಾತು.

ಮನೆಯವರ ಮೌನ ಮತ್ತು ಠಾಣೆಯ ಅನಾಸ್ಥೆ ಎರಡೂ ಸೇರಿದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಭಯಾನಕವಾದ ಉದಾಹರಣೆಯಿದೆ. 2003ರಿಂದ 2009ರ ನಡುವೆ ಮೈಸೂರು, ಬೆಂಗಳೂರು ಮೊದಲಾದ ಊರುಗಳ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಒಬ್ಬೊಬ್ಬರಾಗಿ ಯುವತಿಯರ ಶವಗಳು ಸಿಕ್ಕವು. ಬಾಗಿಲು ಒಳಗಿನಿಂದ ಹಾಕಿತ್ತು, ಮೈಮೇಲೆ ಮದುವಣಗಿತ್ತಿಯ ಸೀರೆ, ಒಡವೆ ಇರಲಿಲ್ಲ. ಆಯಾ ಠಾಣೆಯವರು ಆಯಾ ಶವವನ್ನು ಅಸ್ವಾಭಾವಿಕ ಮರಣವೆಂದು ದಾಖಲಿಸಿದರು. ವಿಷ ಕುಡಿದು ಸತ್ತ ಅಪರಿಚಿತ ಹೆಣ್ಣು ಎಂಬಲ್ಲಿಗೆ ಕಡತ ಮುಚ್ಚಿತು. ಒಂದೇ ನಿಲ್ದಾಣದಲ್ಲಿ ಒಂದೇ ಬಗೆಯಲ್ಲಿ ಹಲವರು ಸತ್ತರೂ ಒಂದು ಕಾಗದವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದವರಿಲ್ಲ. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಊರವರು ಗಟ್ಟಿಯಾಗಿ ದನಿಯೆತ್ತಿದರು. ದೂರವಾಣಿ ಕರೆಗಳ ಜಾಡು ಹಿಡಿದು ಹೋದ ಪೊಲೀಸರು ಅಕ್ಟೋಬರಿನಲ್ಲಿ ಮೋಹನ್ ಕುಮಾರ್ ಎಂಬ ಮಾಜಿ ಶಾಲಾ ಶಿಕ್ಷಕನನ್ನು ಬಂಧಿಸಿದರು. ಮದುವೆಯ ಆಸೆ ತೋರಿಸಿ ಕರೆದೊಯ್ದು, ಮಾತ್ರೆಯೆಂದು ನಂಬಿಸಿ ಸಯನೈಡ್ ನುಂಗಿಸುತ್ತಿದ್ದ. ಇಪ್ಪತ್ತು ಕೊಲೆ ಪ್ರಕರಣಗಳು! 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ಕಾಸರಗೋಡಿನ ಯುವತಿಯೊಬ್ಬಳ ಕೊಲೆಯ ಕುರಿತಾದ ಇಪ್ಪತ್ತನೆಯ, ಕೊನೆಯ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದದ್ದು 2020ರ ಜೂನಿನಲ್ಲಿ.

ನಮ್ಮನ್ನು ಹೆಚ್ಚಾಗಿ ಕಾಡಿದ್ದು ಈ ಕಥೆಯ ಇನ್ನೊಂದು ಮಗ್ಗಲು. ಆ ಹೆಣ್ಣುಮಕ್ಕಳಲ್ಲಿ ಬಹಳ ಜನ ಬಡವರ ಮನೆಯವರು, ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದವರು. ಮಗಳು ಯಾರೊಡನೆಯೋ ಹೋದಳೆಂದು ಹೇಳಿಕೊಳ್ಳಲು ನಾಚಿ ಎಷ್ಟೋ ತಂದೆತಾಯಿಗಳು ಕಾಣೆಯಾದ ದೂರನ್ನೇ ಕೊಡಲಿಲ್ಲ. ಒಂದು ಊರಿನ ಶವಾಗಾರದಲ್ಲಿ ಹೆಸರಿಲ್ಲದ ಶವ, ಇನ್ನೊಂದು ಊರಿನ ಮನೆಯಲ್ಲಿ ಹೆಸರೆತ್ತದ ಮಗಳು. ಎರಡನ್ನೂ ಕೂಡಿಸುವ ಕಾಗದ ಹುಟ್ಟಲೇ ಇಲ್ಲ.

ಹಾಗೆಂದು ಕೊರೊನರನಿದ್ದ ದೇಶದಲ್ಲಿ ಎಲ್ಲವೂ ನೆಟ್ಟಗಿತ್ತೆಂದು ತಿಳಿಯಬಾರದು. ಇಂಗ್ಲೆಂಡಿನ ಹೈಡ್ ಎಂಬ ಊರಿನಲ್ಲಿ ಹೆರಾಲ್ಡ್ ಶಿಪ್‌ಮನ್ ಎಂಬ ವೈದ್ಯ ತನ್ನ ರೋಗಿಗಳಿಗೆ ತಾನೇ ಮಾದಕದ ಸೂಜಿ ಚುಚ್ಚಿ ಕೊಂದು, ಸಹಜ ಸಾವೆಂದು ತಾನೇ ಪ್ರಮಾಣಪತ್ರ ಬರೆಯುತ್ತಿದ್ದ. ವೈದ್ಯನೇ ಬರೆದ ಮೇಲೆ ಕೊರೊನರನಿಗೆ ಸುದ್ದಿ ಹೋಗುವ ಪ್ರಮೇಯವೇ ಇರಲಿಲ್ಲ. 1998ರ ಮಾರ್ಚಿನಲ್ಲಿ ಪಕ್ಕದ ದವಾಖಾನೆಯ ವೈದ್ಯೆಯೊಬ್ಬಳು ಕೊರೊನರನಿಗೆ ಅನುಮಾನ ತಿಳಿಸಿದರೂ ಪೊಲೀಸರಿಗೆ ಏನೂ ಸಿಗಲಿಲ್ಲ; ಆಮೇಲೆ ಮತ್ತೆ ಮೂವರು ಸತ್ತರು. 2000ದಲ್ಲಿ ಹದಿನೈದು ಕೊಲೆಗಳಿಗಾಗಿ ಅವನಿಗೆ ಶಿಕ್ಷೆಯಾಯಿತು. ಸತ್ತವರು 215 ಜನವೆಂದು ವಿಚಾರಣಾ ಆಯೋಗ 2002ರಲ್ಲಿ ಹೇಳಿತು. ಪ್ರತಿಯೊಂದು ಸಾವಿನ ಪ್ರಮಾಣಪತ್ರವನ್ನೂ ಇನ್ನೊಬ್ಬ ಸ್ವತಂತ್ರ ವೈದ್ಯ ಪರಿಶೀಲಿಸಬೇಕೆಂಬ ಕಾನೂನು ಅಲ್ಲಿ ಪೂರ್ಣವಾಗಿ ಜಾರಿಗೆ ಬಂದದ್ದು 2024ರ ಸೆಪ್ಟೆಂಬರಿನಲ್ಲಿ.

ನಂಬಿಕೆ ಅತಿಯಾದರೆ ಹೀಗೆ. ಅಪನಂಬಿಕೆ ಅತಿಯಾದರೂ ಅನರ್ಥವೇ. 2017ರ ಡಿಸೆಂಬರಿನಲ್ಲಿ ನಮ್ಮ ನೆರೆಯ ಉತ್ತರ ಕನ್ನಡದ ಹೊನ್ನಾವರದಲ್ಲಿ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಾಗ, ವೈದ್ಯರು ಬಾಯಿ ತೆರೆಯುವ ಮೊದಲೇ ಬೀದಿಗಳು ತೀರ್ಪು ಕೊಟ್ಟವು. ಕಲ್ಲು ತೂರಾಟ, ಬೆಂಕಿ, ಬಂಧನ ಎಲ್ಲ ಆದವು. ಕೇಂದ್ರೀಯ ತನಿಖಾ ದಳ ವರ್ಷಗಟ್ಟಲೆ ವಿಚಾರಿಸಿ, ಅದು ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿದ ಸಾವೆಂದು 2022ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. 2025ರ ಬೇಸಿಗೆಯಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗಲೂ ಅಷ್ಟೇ. ಚಿಕ್ಕ ವಯಸ್ಸಿನವರ ಸಾವುಗಳನ್ನು ಎಣಿಸಿ ಎಣಿಸಿ ಜನ ಕಂಗಾಲಾದರು. ಸರ್ಕಾರ ನೇಮಿಸಿದ ತಜ್ಞರು 24 ಸಾವುಗಳನ್ನು ಪರಿಶೀಲಿಸಿದಾಗ ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಉಳಿದ ಇಪ್ಪತ್ತರಲ್ಲಿಯೂ ಎಷ್ಟನ್ನೋ 'ಸಂಭವನೀಯ' ಎಂದಷ್ಟೇ ಹೇಳಬೇಕಾಯಿತು. ಶವಪರೀಕ್ಷೆಯಾಗದ ದೇಹದ ಬಗ್ಗೆ ಅದಕ್ಕಿಂತ ಹೆಚ್ಚು ಹೇಳುವುದಾದರೂ ಹೇಗೆ? ಆ ಬಳಿಕವೇ ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಶವಪರೀಕ್ಷೆ ಮಾಡಬೇಕು ಎಂದು ಸರ್ಕಾರ ಪ್ರಕಟಿಸಿದ್ದು.

ಶವಪರೀಕ್ಷೆ ಎಂದೊಡನೆ ನಮ್ಮ ಸಮಾಜದ ಮನೆಗಳಲ್ಲಿ ಏಳುವ ಆಕ್ಷೇಪವನ್ನು ನಾವು ಬಲ್ಲೆವು. ಲಿಂಗಾಂಗವಾದ ದೇಹಕ್ಕೆ ಕತ್ತರಿ ಹಾಕಿಸುವುದೇ? ಯಾರು ಯಾರೋ ಮುಟ್ಟುವುದೇ? ಇದಕ್ಕೆ ಧರ್ಮದೃಷ್ಟಿಯಿಂದ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಶರಣರು ತ್ಯಜಿಸಿದ ಪಂಚಸೂತಕಗಳಲ್ಲಿ ಮರಣಸೂತಕವೂ ಒಂದು. ಸತ್ತ ದೇಹ ಮೈಲಿಗೆಯಲ್ಲ, ಅದನ್ನು ಮುಟ್ಟಿದವನು ಮೈಲಿಗೆಯಾಗುವುದಿಲ್ಲ ಎನ್ನುವವರು ನಾವು. ಆ ಮಾತನ್ನು ಒಪ್ಪಿದ ಮೇಲೆ ವೈದ್ಯನ ಕೈ ತಾಗಿತೆಂದು ಅಳುಕುವುದಕ್ಕೆ ಆಧಾರವೆಲ್ಲಿದೆ? ಹೊಲಿದು ಕೊಟ್ಟ ದೇಹಕ್ಕೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಕ್ರಿಯಾಸಮಾಧಿ ಮಾಡಲು ಯಾವ ಅಡ್ಡಿಯೂ ಇಲ್ಲ. ನಾವೇ ಎಷ್ಟೋ ಸಲ ನಿಂತು ಮಾಡಿಸಿದ್ದೇವೆ.

ಇನ್ನೊಂದು ಸಂಗತಿ ನಮ್ಮ ಪದ್ಧತಿಗೇ ವಿಶೇಷವಾದದ್ದು. ಇದನ್ನು ಯಾವ ಕಾನೂನಿನ ಪುಸ್ತಕವೂ ಹೇಳುವುದಿಲ್ಲವಾದುದರಿಂದ ತುಸು ವಿಸ್ತಾರವಾಗಿ ಬರೆಯುತ್ತೇವೆ. ನಮ್ಮಲ್ಲಿ ಜೀವ ಹೋದ ಕೂಡಲೇ ದೇಹವನ್ನು ತೊಳೆದು, ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂಡ್ರಿಸುತ್ತಾರೆ. ದೇಹ ಸೆಟೆದ ಮೇಲೆ ಕೂಡ್ರಿಸಲು ಬಾರದೆಂಬುದೇ ಈ ಅವಸರಕ್ಕೆ ಕಾರಣ. ಮುಪ್ಪಿನಿಂದ, ಕಾಯಿಲೆಯಿಂದ ಲಿಂಗೈಕ್ಯರಾದವರ ವಿಷಯದಲ್ಲಿ ಇದು ಸರಿಯೇ. ಹಠಾತ್ ಸಾವಿನಲ್ಲಿ ಮಾತ್ರ ಇದರಿಂದ ಮೂರು ತೊಂದರೆಗಳು. ತೊಳೆದಾಗ ಬಾಯಿಯ ನೊರೆ, ಬಟ್ಟೆಯ ವಾಂತಿ, ಕೈಯ ವಾಸನೆ ಹೋಗುತ್ತವೆ. ವಿಭೂತಿಯ ಕೆಳಗೆ ಕೊರಳಿನ, ತೋಳಿನ ಗುರುತುಗಳು ಮುಚ್ಚುತ್ತವೆ. ಮೂರನೆಯದು ವೈದ್ಯರು ತಿಳಿಸಿದ್ದು. ಸತ್ತ ಮೇಲೆ ರಕ್ತ ದೇಹದ ತಗ್ಗಿನ ಭಾಗಕ್ಕೆ ಇಳಿದು ಚರ್ಮದ ಮೇಲೆ ಕಪ್ಪುಗೆಂಪು ಕಲೆಯಾಗುತ್ತದೆ. ಕೆಲವು ಗಂಟೆಗಳ ಮೇಲೆ ಅದು ಅಲ್ಲಿಯೇ ನಿಲ್ಲುತ್ತದೆ. ಅಂಗಾತ ಸತ್ತವನ ಕಲೆ ಬೆನ್ನಿನಲ್ಲಿರಬೇಕು. ನಾವು ಕೂಡ್ರಿಸಿದ ದೇಹದಲ್ಲಿ ಅದು ಕಾಲು, ಪೃಷ್ಠಗಳಿಗೆ ಇಳಿದಿರುತ್ತದೆ. ಯಾವ ಹೊತ್ತಿಗೆ ಕೂಡ್ರಿಸಿದೆವೆಂದು ಯಾರೂ ಹೇಳದಿದ್ದರೆ ವೈದ್ಯ ಅದನ್ನು ಓದುವುದು ತಪ್ಪಾಗಬಹುದು. ಸೆಟೆಯುವಿಕೆ ಎರಡು ಮೂರು ಗಂಟೆಗಳಲ್ಲಿ ಆರಂಭವಾಗಿ, ಸುಮಾರು ಹನ್ನೆರಡು ಗಂಟೆಗಳಲ್ಲಿ ಮೈಯೆಲ್ಲ ವ್ಯಾಪಿಸಿ, ನಮ್ಮಂಥ ಸೆಖೆಯ ನಾಡಿನಲ್ಲಿ ಒಂದೂವರೆ ದಿನದೊಳಗೆ ತಾನಾಗಿಯೇ ಸಡಿಲುತ್ತದೆ. ಕೂಡ್ರಿಸುವುದಕ್ಕೆ ಆಗಲೂ ಬರುತ್ತದೆ. ಬಾರದಿದ್ದಾಗ ಮಲಗಿಸಿಯೇ ಸಮಾಧಿ ಮಾಡಿದ್ದನ್ನೂ ನಾವು ಕಂಡಿದ್ದೇವೆ. ಆದ್ದರಿಂದ ಹಠಾತ್ ಸಾವಾದ ಮನೆಯಲ್ಲಿ ಪಂಚನಾಮೆ ಮುಗಿಯುವ ತನಕ ದೇಹವನ್ನು ಇದ್ದಲ್ಲಿಯೇ ಇರಿಸಿ, ತೊಳೆಯದಿರಿ ಎಂದು ನಾವು ಈಗ ಹೋದಲ್ಲೆಲ್ಲ ಹೇಳುತ್ತಿದ್ದೇವೆ.

ಮಣ್ಣು ಕೊಡುವ ನಮ್ಮ ಪದ್ಧತಿಯಿಂದ ಒಂದು ಅನುಕೂಲವೂ ಇದೆ. ಸುಟ್ಟ ದೇಹವನ್ನು ಮತ್ತೆ ವಿಚಾರಿಸಲಾಗದು, ಹೂಳಿದ್ದನ್ನು ವಿಚಾರಿಸಬಹುದು. ದಂಡಾಧಿಕಾರಿ ಅವಶ್ಯವೆಂದು ಕಂಡರೆ ಸಮಾಧಿಯನ್ನು ತೆರೆಸಿ ಪರೀಕ್ಷಿಸಬಹುದೆಂದು ಹೊಸ ಸಂಹಿತೆಯ 196ನೇ ಕಲಮು ಹೇಳುತ್ತದೆ. ಮೇಲೆ ಹೇಳಿದ ಶಿಪ್‌ಮನ್ ಸಿಕ್ಕಿಬಿದ್ದದ್ದು ಹೂಳಿದ್ದ ವೃದ್ಧೆಯೊಬ್ಬಳ ದೇಹವನ್ನು ತೆಗೆದು ನೋಡಿದಾಗಲೇ. ಆದರೆ ಮಣ್ಣು ಎಲ್ಲವನ್ನೂ ಕಾಯುವುದಿಲ್ಲ. ಕೇರಳದ ಕೂಡತ್ತಾಯಿಯಲ್ಲಿ 2002ರಿಂದ 2016ರ ವರೆಗೆ ಒಂದೇ ಬಂಧುವರ್ಗದ ಆರು ಜನ ಸತ್ತರು. ಶವಪರೀಕ್ಷೆಯಾದದ್ದು 2011ರಲ್ಲಿ ಸತ್ತ ಒಬ್ಬನದು ಮಾತ್ರ. ಅದರಲ್ಲಿ ಸಯನೈಡ್ ಕಂಡಿತ್ತು, ಆತ್ಮಹತ್ಯೆಯೆಂದು ಮುಗಿಸಿದ್ದರು. 2019ರ ಅಕ್ಟೋಬರಿನಲ್ಲಿ ಉಳಿದವರ ಗೋರಿಗಳನ್ನು ತೆರೆದರು. ಅವುಗಳಲ್ಲಿ ನಾಲ್ಕು ಶವಗಳ ಅವಶೇಷಗಳಲ್ಲಿ ಸಯನೈಡಿನ ಅಂಶ ಕಾಣಲಿಲ್ಲವೆಂದು ಹೈದರಾಬಾದಿನ ಪ್ರಯೋಗಾಲಯ ಆಮೇಲೆ ವರದಿ ಕೊಟ್ಟಿತು. ಪ್ರಕರಣ ನ್ಯಾಯಾಲಯಕ್ಕೆ ಸೇರಿದ್ದು. ಅದರ ನಿರ್ಣಯ ನಮ್ಮ ಕೆಲಸವಲ್ಲ. ಇಷ್ಟು ವರ್ಷಗಳ ಮೇಲೆ ಅಗೆದರೆ ಸಿಗಬೇಕಾದ್ದು ಸಿಗದೆ ಹೋಗಬಹುದೆಂಬುದಷ್ಟೇ ಇಲ್ಲಿ ಪ್ರಸ್ತುತ.

ಮತ್ತೆ ಹಿರೇಕೆರೂರಿನ ಆ ತಾಯಿಯ ಕಾಗದಗಳಿಗೆ ಬರೋಣ. ಸಾಲಬಾಧೆಯಿಂದ ಪ್ರಾಣ ಕಳೆದುಕೊಂಡ ರೈತನ ಕುಟುಂಬಕ್ಕೆ 2015ರಿಂದ 5 ಲಕ್ಷ ರೂಪಾಯಿ ಪರಿಹಾರವಿದೆ. ಅರ್ಹವೋ ಅಲ್ಲವೋ ಎಂಬುದನ್ನು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ನಿರ್ಣಯಿಸುತ್ತದೆ. ಶಿಗ್ಗಾಂವಿ, ಸವಣೂರು, ಹಾನಗಲ್ಲಿನವರಿಗೆ ಆ ಕಚೇರಿ ಸವಣೂರಿನಲ್ಲಿ, ಹಿರೇಕೆರೂರಿನವರಿಗೆ ಹಾವೇರಿಯಲ್ಲಿ. ಪಂಚನಾಮೆ, ಶವಪರೀಕ್ಷೆಯ ವರದಿ, ಒಳಾಂಗಗಳನ್ನು ಪರೀಕ್ಷಿಸಿದ ಪ್ರಯೋಗಾಲಯದ ವರದಿ, ಉತಾರ, ಸಾಲದ ದಾಖಲೆ ಎಲ್ಲವೂ ಅಲ್ಲಿಗೆ ಹೋಗಬೇಕು. ಮೊದಲ ಕಾಗದದಲ್ಲಿಯೇ ಹೊಟ್ಟೆನೋವೆಂದಿದ್ದರೆ ಉಳಿದ ಕಾಗದಗಳ ಗತಿಯೇನು? ಇದು ಒಂದು ಮನೆಯ ಲೆಕ್ಕ. ರಾಜ್ಯದ ಲೆಕ್ಕವೂ ಹೀಗೆಯೇ ತಿರುಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ ಕರ್ನಾಟಕದಲ್ಲಿ 2013ರಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರು 1,403. ಮರುವರ್ಷ ವಿಂಗಡಣೆಯ ಕ್ರಮ ಬದಲಾಯಿತು. ರೈತರು 321, ಕೃಷಿ ಕೂಲಿಕಾರರು 447 ಎಂದಾಯಿತು. ಅದೇ ಹೊತ್ತಿಗೆ 'ಇತರರು' ಎಂಬ ಅಂಕಣ ಉಬ್ಬಿತು. ಒಂದು ವರ್ಷದಲ್ಲಿ ನಮ್ಮ ರೈತರ ಸಂಕಟ ಅರ್ಧಕ್ಕಿಳಿಯಿತೆಂದು ನಂಬುವಷ್ಟು ಮುಗ್ಧರು ನಾವಲ್ಲ. ಲೆಕ್ಕ ಬರೆಯುವವನು ಅಂಕಣ ಬದಲಿಸಿದ. ಅಂಕಣಕ್ಕೆ ಆಧಾರವಾದ ಮಾತು ಮಾತ್ರ ಹಳ್ಳಿಯ ಕಟ್ಟೆಯ ಮೇಲೆ ಪಂಚರು ಹೇಳಿದ್ದೇ.

ಆತ್ಮಹತ್ಯೆಯೆಂದು ಹೇಳಿದರೆ ಮನೆಯವರ ಮೇಲೆ ಮೊಕದ್ದಮೆ ಬರುತ್ತದೆಂಬ ಅಂಜಿಕೆ ಇನ್ನೂ ಹಲವರಲ್ಲಿದೆ. ಪ್ರಯತ್ನಿಸಿ ಬದುಕುಳಿದವರನ್ನು ಶಿಕ್ಷಿಸುತ್ತಿದ್ದ ಹಳೆಯ 309ನೇ ಕಲಮನ್ನೇ ಹೊಸ ನ್ಯಾಯ ಸಂಹಿತೆ ಕೈಬಿಟ್ಟಿದೆ. ಮನಸ್ಸು ಕುಸಿದವರು, ಅಂಥವರು ಮನೆಯಲ್ಲಿದ್ದವರು ಹಗಲಿರಲಿ ರಾತ್ರಿಯಿರಲಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದು ಸರ್ಕಾರದ ಟೆಲಿ ಮನಸ್ ಸೇವೆ, ಖರ್ಚಿಲ್ಲ. ಆ ತಾಯಿಗೆ ನಾವು ಹೇಳಿದ್ದು ಇಷ್ಟು: ಮೈದುನನು ಅಂದು ಹೇಳಿದ್ದು ತಪ್ಪೆಂದು, ಏಕೆ ಹಾಗೆ ಹೇಳಿದೆನೆಂದು ಉಪವಿಭಾಗಾಧಿಕಾರಿಗಳಿಗೆ ಬರವಣಿಗೆಯಲ್ಲಿ ಕೊಡಲಿ, ಸೊಸೈಟಿಯ ಸಾಲದ ಉತಾರೆಯನ್ನು ಜೊತೆಗಿಡಿ, ಅರ್ಜಿಗೆ ಸ್ವೀಕೃತಿ ತೆಗೆದುಕೊಳ್ಳಿ. ಮೈದುನ ಬರೆದುಕೊಡಲು ಒಪ್ಪಿದರು. ಆ ಮನೆಯ ಹುಡುಗಿಯ ಮದುವೆ ಆಗಿಹೋಗಿದೆ. ಬೀಗರಿಗೆ ಸಾಲದ ವಿಷಯ ಮೊದಲೇ ತಿಳಿದಿತ್ತಂತೆ.

ಇನ್ನು ನಮ್ಮ ಕೈಯ ಮಾತು. ಊರವರಿಗೆ ಬುದ್ಧಿ ಹೇಳಿ ಇದನ್ನು ಮುಚ್ಚಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ. ಸುಮಾರು ಮೂವತ್ತೈದು ವರ್ಷಗಳ ಹಿಂದೆ, ಮಠದ ಪಾಠಶಾಲೆಯಿಂದ ಹೊರಬಿದ್ದ ಹೊಸತರಲ್ಲಿ, ಸವಣೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕ್ರಿಯೆ ಮಾಡಿಸಲು ನಮ್ಮನ್ನು ಕರೆದಿದ್ದರು. ಮನೆಯ ಸೊಸೆ ನೀರು ಸೇದಲು ಹೋಗಿ ಬಾವಿಗೆ ಬಿದ್ದಳೆಂದರು. ಮದುವೆಯಾಗಿ ಮೂರು ವರ್ಷ. ತವರಿನವರು ಇನ್ನೂ ಬಂದಿರಲಿಲ್ಲ. ದೇಹವನ್ನು ತೊಳೆದಿದ್ದರು, ವಿಭೂತಿ ಬಳಿದವರು ನಾವೇ. ತೋಳಿನ ಮೇಲ್ಭಾಗದಲ್ಲಿ ನಾಲ್ಕು ಬೆರಳಿನಗಲದ ಕಪ್ಪು ಗುರುತಿತ್ತು. ಅದರ ಮೇಲೂ ಬಳಿದೆವು. ಬಳಿಕ ಅಧಿಕಾರಿಗಳು ಬಂದರು. ಪಂಚರಾಗಿ ಒಬ್ಬ ಹಿರಿಯರು, ಜೊತೆಗೆ 'ಶಾಸ್ತ್ರಿಗಳು ಇರಲಿ' ಎಂದು ನಾವು. ಬರೆದದ್ದನ್ನು ಓದಿ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಕಾಲು ಜಾರಿ ಬಿದ್ದು ಎಂಬ ಮಾತು ಕಿವಿಗೆ ಬಿದ್ದ ನೆನಪು. ಗುರುತಿನ ಮಾತು ಅದರಲ್ಲಿತ್ತೋ ಇಲ್ಲವೋ ತಿಳಿಯದು. ಸಹಿ ಮಾಡಿದೆವು. ಬಾವಿಯ ಕಲ್ಲು ತಾಗಿಯೂ ಆ ಗುರುತಾಗಿರಬಹುದು; ಹಾಗೆಂದೇ ನಮಗೆ ನಾವು ಹೇಳಿಕೊಳ್ಳುತ್ತ ಬಂದಿದ್ದೇವೆ. ಹೇಳಬೇಕಾದವರಿಗೆ ಹೇಳಿದ್ದರೆ ಅದನ್ನು ನಿರ್ಣಯಿಸುವ ಕೆಲಸ ವೈದ್ಯನದಾಗುತ್ತಿತ್ತು.

ಆ ಹುಡುಗಿಯ ತಾಯಿ ಈಗಲೂ ಇದ್ದಾರೆ. ಈ ಶ್ರಾವಣದಲ್ಲಿ ಸವಣೂರಿನ ಕಡೆಯ ಪ್ರವಚನ ಮುಗಿದ ಮರುದಿನ ನಾವಾಗಿಯೇ ಆಕೆಯ ಮನೆಗೆ ಹೋದೆವು. ಕಣ್ಣು ಮಂಜಾಗಿದೆ, ನಮ್ಮ ದನಿಯಿಂದ ಗುರುತು ಹಿಡಿದು ಚಾಪೆ ಹಾಸಲು ಹೇಳಿದರು. ಅಂದು ಕಂಡದ್ದನ್ನು ಕಂಡ ಹಾಗೆಯೇ ಹೇಳಿದೆವು. ಆಕೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, 'ಯಾವ ಕೈಯಿರಿ, ಶಾಸ್ತ್ರಿಗಳ?' ಎಂದು ಕೇಳಿದರು.

ಎಡಗೈ ಎಂದೆವು.